ಮೊದಲ ಪಾಟೀಸವಾಲು

"ಸಿಂಕ್ ಆರ್ ಸ್ವಿಮ್, ಶ್ರೀಗೌರಿ! ನಾನು ಕಲಿತಿದ್ದೂ ಹಾಗೇ. ಒಬ್ಬರ ಹತ್ರ ಒಂದು ಮಾತು ಕೇಳಿದವನಲ್ಲ," ಎಂದು ಹೇಳಿ ಹಿರಿಯ ವಕೀಲ ರವಿಶಂಕರ ಫೋನಿಟ್ಟರು.

ಸಾಗರದ ಕೋರ್ಟಿನ ಜಗಲಿಯಲ್ಲಿ ನಿಂತಿದ್ದ ಶ್ರೀಗೌರಿಗೆ ಮೈಯೆಲ್ಲ ಉರಿಯಿತು. ಅವರ ಕೈಕೆಳಗೆ ಸೇರಿ ಎಂಟು ತಿಂಗಳು. ಇಲ್ಲಿಯವರೆಗೆ ಅವಳು ಕೋರ್ಟಿನಲ್ಲಿ ಬಾಯಿಬಿಟ್ಟಿದ್ದು ಮುಂದಿನ ತಾರೀಕು ಕೇಳಲು ಮಾತ್ರ. ಇವತ್ತು ಪಾಟೀಸವಾಲು ಇದೆ ಎಂದು ಅವರಿಗೆ ತಿಂಗಳಿಂದ ಗೊತ್ತು. ಆದರೂ ತೀರ್ಥಹಳ್ಳಿಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿ ಕೂತು, ಅಲ್ಲಿಂದ ಈ ಉಪದೇಶ ಬೇರೆ!

ಪಕ್ಕದಲ್ಲಿ ಕಕ್ಷಿಗಾರ್ತಿ ಮಾಸ್ತಮ್ಮ ನಿಂತಿದ್ದಳು. ಹೊನ್ನೆಮರಡಿನ ಹತ್ತಿರ ಅವಳದೊಂದು ಎರಡು ಕೋಣೆಯ ಮನೆ. ಅದು ತನ್ನ ಜಾಗ, ಈಕೆ ಹತ್ತು ವರ್ಷದ ಹಿಂದೆ ಬಂದು ಸೇರಿಕೊಂಡವಳು, ಎಬ್ಬಿಸಿಕೊಡಿ ಎಂದು ನೆರೆಮನೆಯ ಬೆಳ್ಳಪ್ಪ ದಾವೆ ಹಾಕಿದ್ದ. ಇವತ್ತು ಕಟಕಟೆ ಹತ್ತುವವನು ಅವನೇ.

"ಎಂತ ಅಂದ್ರು ಸಾಹೇಬ್ರು?"

"ಬರಲ್ವಂತೆ. ಈಜ್ತೀಯೋ ಮುಳುಗ್ತೀಯೋ ನೀನೇ ನೋಡ್ಕೋ ಅಂದ್ರು."

"ನೀವೆಂತಕ್ಕೆ ಮುಳುಗ್ತೀರಿ ಅಮ್ಮಾ? ನೀವು ಸಂಜೆ ನಿಮ್ಮನೆಗೆ ಹೋಗ್ತೀರಿ. ಮನೆ ಹೋಗೂದು ನಂದು."

ಶ್ರೀಗೌರಿ ಕೋರ್ಟಿನ ಒಳಗೆ ಹೋದಳು. ಕೇಸು ಕೂಗಿದಾಗ ಎದ್ದು, "ಸ್ವಾಮೀ, ನಾನು ತಯಾರಿಲ್ಲ. ಮಧ್ಯಾಹ್ನದವರೆಗೆ ಸಮಯ ಕೊಡಬೇಕು," ಎಂದುಬಿಟ್ಟಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಮೂರು ಗಂಟೆ. ಆಮೇಲೆ ಒಂದು ನಿಮಿಷವೂ ಸಿಗುವುದಿಲ್ಲ," ಎಂದರು.

ವಕೀಲರ ಸಂಘದ ಕೋಣೆಯಲ್ಲಿ ಎಪ್ಪತ್ತು ದಾಟಿದ ಹೂವಯ್ಯ ಅವಲಕ್ಕಿ ತಿನ್ನುತ್ತಿದ್ದರು. ಅವಳು ಹೋಗಿ ಅವರ ಮುಂದೆ ಫೈಲಿಟ್ಟಳು.

"ನಂಗೆ ಪಾಟೀಸವಾಲು ಮಾಡಕ್ಕೆ ಬರಲ್ಲ ಸರ್. ಹೇಳಿಕೊಡಿ."

ಅವರು ಕೈ ತೊಳೆದು ಬಂದು ಹಾಳೆ ತಿರುಗಿಸಿದರು. "ಬೆಳ್ಳಪ್ಪನೇ ಹಾಜರು ಮಾಡಿದ ಕ್ರಯಪತ್ರ ಓದಿದ್ಯಾ?"

"ಓದಿದೀನಿ. ಸರ್ವೆ ನಂಬರು, ವಿಸ್ತೀರ್ಣ ಎಲ್ಲಾ ಸರಿ ಇದೆ."

"ಚಕ್ಕುಬಂದಿ?"

ಜಾಗದ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆದಿದ್ದ ಆ ನಾಲ್ಕು ಸಾಲುಗಳನ್ನು ಅವಳು ಹಾರಿಸಿಬಿಟ್ಟಿದ್ದಳು. ಈಗ ಓದಿದಳು. ಮತ್ತೊಮ್ಮೆ ಓದಿದಳು.

"ಹಾಂ," ಎಂದರು ಹೂವಯ್ಯ. "ಇದನ್ನ ನೀನು ಹೇಳ್ಬೇಡ ಮಾರಾಯ್ತಿ. ಅವನ ಬಾಯಲ್ಲೇ ಹೇಳ್ಸು. ಗಡಿಬಿಡಿ ಮಾಡ್ಬೇಡ."

ಮೂರು ಗಂಟೆಗೆ ಬೆಳ್ಳಪ್ಪ ಗರಿಗರಿ ಅಂಗಿ ಹಾಕಿಕೊಂಡು ಕಟಕಟೆಯಲ್ಲಿ ನಿಂತ. ಶ್ರೀಗೌರಿ ಕ್ರಯಪತ್ರವನ್ನು ಅವನ ಮುಂದಿಟ್ಟಳು.

"ಈ ಜಾಗ ತಗೊಂಡಿದ್ದು ಯಾವಾಗ?"

"ತೊಂಬತ್ನಾಲ್ಕರಲ್ಲಿ."

"ಇದು ನೀವೇ ಕೊಟ್ಟ ಪತ್ರ ಅಲ್ವಾ? ನಿಮ್ಮ ಜಾಗದ ಉತ್ತರಕ್ಕೆ ಎಂತ ಇದೆ ಅಂತ ಬರೆದಿದೆ, ಓದಿ."

ಬೆಳ್ಳಪ್ಪ ಕಾಗದವನ್ನು ದೂರ ಹಿಡಿದ, ಹತ್ತಿರ ಹಿಡಿದ. "ಮಾಸ್ತಪ್ಪನ... ವಾಸದ ಮನೆ."

"ಮಾಸ್ತಪ್ಪ ಯಾರು?"

ಅವನು ತನ್ನ ವಕೀಲರ ಕಡೆ ನೋಡಿದ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ಈ ಮಾಸ್ತಮ್ಮನ ಗಂಡ. ತೀರಿಹೋದ."

ನ್ಯಾಯಾಧೀಶರು ಅದನ್ನು ಒಂದೊಂದೇ ಪದವಾಗಿ ಬರೆಸಿದರು. ತೊಂಬತ್ನಾಲ್ಕರಲ್ಲೇ ಆ ಮನೆ ಇತ್ತು, ಅದೂ ಬೆಳ್ಳಪ್ಪನ ಗಡಿಯ ಆಚೆ ಎಂದು ಅವನ ಪತ್ರವೇ ಹೇಳಿದಂತಾಯಿತು.

ಹೊರಗೆ ಬರುವಷ್ಟರಲ್ಲಿ ಫೋನು ಬಂತು. ಸುದ್ದಿ ತೀರ್ಥಹಳ್ಳಿಗೆ ಆಗಲೇ ಮುಟ್ಟಿತ್ತು.

"ಭಾರೀ ಮಾಡಿದ್ಯಂತೆ!" ರವಿಶಂಕರರ ದನಿಯಲ್ಲಿ ಪಾಯಸದ ಸಂತೃಪ್ತಿಯಿತ್ತು. "ನೋಡು, ಒಬ್ಬಳನ್ನೇ ಬಿಟ್ಟಿದ್ದು ಒಳ್ಳೇದಾಯ್ತು. ಮುಂದಿನ ತಾರೀಕಿಗೆ ನಾನೇ ಬಂದು ವಾದ ಮಾಡ್ತೆ, ಚಿಂತೆ ಬೇಡ."

ಬೆಳಿಗ್ಗೆಯಿಂದ ಒಟ್ಟುಗೂಡಿದ್ದ ಮಾತೆಲ್ಲ ಶ್ರೀಗೌರಿಯ ನಾಲಿಗೆಯ ತುದಿಗೆ ಬಂತು. "ಮುಂದಿನ ಸಲ ಸಾಹೇಬ್ರೇ ಬರ್ತಾರಂತೆ," ಎಂದಷ್ಟೇ ಹೇಳಿ ಫೋನನ್ನು ಮಾಸ್ತಮ್ಮನ ಕೈಗೆ ಕೊಟ್ಟಳು.

"ಸ್ವಾಮೀ," ಎಂದಳು ಮಾಸ್ತಮ್ಮ, ದೂರದೂರಿಗೆ ಕೇಳಿಸಲೆಂದು ಗಟ್ಟಿಯಾಗಿ. "ನೀವು ಬರೂದು ಬ್ಯಾಡ. ನಂಗೆ ಈ ಅಮ್ಮನೇ ಸಾಕು. ಇವ್ರು ಗೊತ್ತಿಲ್ದೇ ಇದ್ದಿದ್ನ ಕೇಳ್ತಾರೆ."