ಕಾಗೆಕೋಟೆಯ ಕಡತ

‘ಕಾವಲು ಬದಲಾಗುವುದು ಸಂಜೆ ಐದಕ್ಕೆ. ಆಗ ಹಿಂಬಾಗಿಲ ಬಳಿ ಯಾರೂ ಇರುವುದಿಲ್ಲ.’

ಜೈಲರ್ ಆ ಸಾಲನ್ನು ಎರಡು ಸಲ ಓದಿದರು. ಮೂರನೇ ಸಲ ಓದುವ ಮೊದಲು ಕೋಣೆಯ ಬಾಗಿಲು ಹಾಕಿಸಿದರು.

ಬೆಳಗಿನ ತಪಾಸಣೆಯಲ್ಲಿ ಸಿಕ್ಕ ಕಡತ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಔಷಧಿ ಪೆಟ್ಟಿಗೆಯ ರಟ್ಟು ಕತ್ತರಿಸಿ ಮಾಡಿದ ಅರವತ್ತು ಚೀಟಿಗಳು. ಎಲ್ಲದರಲ್ಲೂ ನೀಲಿ ಶಾಯಿಯ ದುಂಡು ಅಕ್ಷರ. ಜಾಗಗಳ ಚೀಟಿಗೆ ಬಿಳಿ ದಾರ, ಜನರ ಚೀಟಿಗೆ ಕಪ್ಪು ದಾರ. ಒಂದು ನಕ್ಷೆ: ಗೋಡೆ, ಬುರುಜು, ಅಡುಗೆಮನೆಯ ಚರಂಡಿ, ಹಿಂಬಾಗಿಲು. ಜೊತೆಗೆ ಸೋಪಿನಲ್ಲಿ ಕೆತ್ತಿದ ಎರಡು ದಾಳ.

"ಸುಟ್ಟು ಹಾಕೋಣ ಸಾರ್," ಎಂದ ಹೆಡ್ ವಾರ್ಡರ್. "ಇದು ಆ ಮೇಷ್ಟ್ರದ್ದು. ನೋಡೋಕೆ ಮೆತ್ತಗೆ. ಒಳಗೆ ಬೂದಿ ಮುಚ್ಚಿದ ಕೆಂಡ."

"ಸುಟ್ಟರೆ ಸಾಕ್ಷಿನೂ ಸುಟ್ಟುಹೋಗುತ್ತೆ. ಕರ್ಕೊಂಡು ಬಾ ಅವನನ್ನ."

ಇಪ್ಪತ್ತೊಂಬತ್ತು ವರ್ಷಗಳ ನೌಕರಿಯಲ್ಲಿ ಜೈಲರ್ ಕೈಯಿಂದ ಒಬ್ಬನೂ ತಪ್ಪಿಸಿಕೊಂಡಿರಲಿಲ್ಲ. ನಿವೃತ್ತಿಗೆ ಐದು ತಿಂಗಳಿತ್ತು. ಈಗ ಹೆಸರಿಗೆ ಮಸಿ ಬಳಿಸಿಕೊಳ್ಳುವ ಮನಸ್ಸು ಅವರಿಗಿರಲಿಲ್ಲ.

ಮೇಷ್ಟ್ರು ಬಂದು ಕೈಕಟ್ಟಿ ನಿಂತ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವನು. ಕೊಲೆ ತಾನು ಮಾಡಿದ್ದಲ್ಲ ಎಂದು ಮೊದಲ ವರ್ಷವಿಡೀ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಹೋದ ತಿಂಗಳು ಕೊನೆಯ ಮೇಲ್ಮನವಿಯೂ ಬಿದ್ದುಹೋದ ಮೇಲೆ ಹೇಳುವುದನ್ನೇ ಬಿಟ್ಟಿದ್ದ.

"ಏನಿದು?"

"ಆಟ ಸಾರ್. ನಾನು ಕಥೆ ಕಟ್ತೀನಿ, ನಾಲ್ಕು ಜನ ಅದರೊಳಗೆ ಪಾತ್ರ ಆಗ್ತಾರೆ. ಏನ್ ಮಾಡ್ತೀರಿ ಅಂತ ಕೇಳ್ತೀನಿ. ಅವರು ಹೇಳಿದ್ದು ಆಗುತ್ತೋ ಇಲ್ವೋ ಅಂತ ದಾಳ ಹೇಳುತ್ತೆ. ಸುಧಾರಣಾಧಿಕಾರಿ ಮೇಡಂ ಒಪ್ಪಿಗೆ ಕೊಟ್ಟಿದ್ದಾರೆ."

"ಆಟಕ್ಕೆ ಅರವತ್ತು ಚೀಟಿ ಯಾಕೆ?"

"ಆಡೋರು ಅಡುಗೆಮನೆಗೆ ನುಗ್ತೀವಿ ಅಂದ ತಕ್ಷಣ ಅಡುಗೆಮನೆ ನನ್ನ ಕೈಗೆ ಸಿಗಬೇಕು ಸಾರ್. ನಾನು ತಡಕಾಡ್ತಾ ಕೂತ್ರೆ ಆಟ ಸತ್ತುಹೋಗುತ್ತೆ."

"ಯಾವ ಕೋಟೆ ಇದು?"

"ಕಾಗೆಕೋಟೆ. ಎಲ್ಲೂ ಇಲ್ಲ ಸಾರ್."

ಜೈಲರ್ ಒಂದು ಚೀಟಿ ಎತ್ತಿ ಬೆಳಕಿಗೆ ಹಿಡಿದರು. "ಎಲ್ಲದರಲ್ಲೂ ಬಲಗಡೆ ಮೂರು ಬೆರಳು ಜಾಗ ಖಾಲಿ ಬಿಟ್ಟಿದ್ದೀಯಲ್ಲ?"

"ತಿದ್ದೋಕೆ ಸಾರ್. ಮೊದಲನೇ ಸಲ ಬರೆದಿದ್ದು ಯಾವತ್ತೂ ಸರಿ ಇರಲ್ಲ."

ಸುಳ್ಳಿನ ವಾಸನೆ ಜೈಲರ್ ಮೂಗಿಗೆ ಬಡಿಯಿತು. ಆದರೆ ಎಲ್ಲಿಂದ ಬರುತ್ತಿದೆ ಎಂದು ಹೊಳೆಯಲಿಲ್ಲ. ವಶಪಡಿಸಿಕೊಂಡ ವಸ್ತುವನ್ನು ಮೂರು ದಿನದೊಳಗೆ ಹಿಂದಿರುಗಿಸಬೇಕು, ಇಲ್ಲವೇ ಕಾರಣ ಬರೆದು ಮೇಲಿನವರಿಗೆ ಕಳಿಸಬೇಕು. ಸುಧಾರಣಾಧಿಕಾರಿ ಆಗಲೇ ಎರಡು ಸಲ ಫೋನು ಮಾಡಿದ್ದಳು.

ಸರಿ, ಈ ಕೋಟೆ ನಮ್ಮ ಜೈಲಿಗೆ ಹೊಂದುತ್ತದೋ ಎಂದು ಹೋಲಿಸಿಯೇ ನೋಡಿಬಿಡೋಣ ಎಂದುಕೊಂಡು ಅವರು ಕಡತವನ್ನು ಕಂಕುಳಲ್ಲಿಟ್ಟು ಜೈಲು ಸುತ್ತಲು ಹೊರಟರು.

ಮೊದಲ ಚೀಟಿಯಲ್ಲೇ ‘ಭಾಗಿಲು’ ಎಂದಿತ್ತು. ಎರಡನೆಯದರಲ್ಲಿ ‘ಧಾರಿ’. ಮೇಷ್ಟ್ರಾಗಿದ್ದವನು ಕಾಗುಣಿತ ತಪ್ಪುತ್ತಾನಲ್ಲ! ಜೈಲರಿಗೆ ತಪ್ಪು ಕಂಡರೆ ಕೈ ತುರಿಸುತ್ತಿತ್ತು. ಕೈದಿಗಳು ಮನೆಗೆ ಬರೆದ ಕಾಗದಗಳನ್ನೂ ತಿದ್ದಿಯೇ ಅಂಚೆಗೆ ಹಾಕಿಸುತ್ತಿದ್ದ ಮನುಷ್ಯ. ಜೇಬಿನಿಂದ ಕೆಂಪು ಪೆನ್ನು ತೆಗೆದರು.

ಚರಂಡಿಗೆ ಮರದ ಮುಚ್ಚಳ ಎಂದು ಬರೆದಿತ್ತು. ಅಡುಗೆಮನೆಯ ಹಿಂದೆ ಮಂಡಿಯೂರಿ ನೋಡಿದರು. ಪಕ್ಕದಲ್ಲೇ ಬರೆದರು: ‘ತಪ್ಪು. ಕಬ್ಬಿಣದ ಜಾಲರಿ. ನಾಲ್ಕು ತಿರುಪು, ಎರಡು ತುಕ್ಕು ಹಿಡಿದಿವೆ.’ ಉತ್ತರದ ಗೋಡೆ ಕಲ್ಲಿನದು ಎಂದಿತ್ತು. ‘ಅಲ್ಲ. ಬಟ್ಟೆ ಒಗೆಯುವ ಕಟ್ಟೆಯ ಹಿಂದೆ ಬರೀ ಇಟ್ಟಿಗೆ.’ ಎರಡನೇ ದಿನ ಸಂಜೆ ಗಡಿಯಾರ ಹಿಡಿದು ಅಂಗಳದಲ್ಲಿ ನಿಂತರು. ‘ನಮ್ಮಲ್ಲಿ ಬದಲಾಗುವುದು ಆರೂಕಾಲಿಗೆ. ಹಿಂಬಾಗಿಲಿಗೆ ಸದಾ ಒಬ್ಬನಿರುತ್ತಾನೆ. ಗೋದಾಮಿನ ಕಡೆ ಮಾತ್ರ ಯಾರೂ ಇಲ್ಲ.’

ಒಂದೊಂದು ತಪ್ಪು ಸಿಕ್ಕಾಗಲೂ ಎದೆಯ ಮೇಲಿನ ಒಂದೊಂದು ಕಲ್ಲು ಇಳಿಯಿತು.

"ಒಂದೂ ಹೊಂದಲ್ವಾ ಸಾರ್?" ಹೆಡ್ ವಾರ್ಡರ್ ಮುಖ ಸಪ್ಪಗಾಯಿತು.

"ಒಂದೂ ಇಲ್ಲ ಕಣಯ್ಯ. ಈ ನಕ್ಷೆ ನಂಬ್ಕೊಂಡು ಓಡಿದ್ರೆ ನೇರ ನನ್ನ ಕುರ್ಚಿ ಮೇಲೇ ಬಂದು ಬೀಳ್ತಾನೆ."

‘ಪರಿಶೀಲಿಸಲಾಗಿದೆ. ಯಾವುದೇ ಹೋಲಿಕೆ ಕಂಡುಬಂದಿಲ್ಲ’ ಎಂದು ವರದಿಯಲ್ಲಿ ಬರೆದು ಸಹಿ ಹಾಕಿದರು.

ಮೂರನೇ ದಿನ ಮೇಷ್ಟ್ರನ್ನು ಕರೆಸಿದರು. ಕಡತ ಕೊಡುವಾಗ ಸ್ವಲ್ಪ ನಾಚಿಕೆಯಾಯಿತು. ಏಕವಚನ ತಾನಾಗಿ ಬಹುವಚನವಾಯಿತು.

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಅನುಮಾನ ಪಡೋದು ನನ್ನ ಕೆಲಸ. ನಿಮ್ಮ ಕಾಗುಣಿತ ಮಾತ್ರ ದೇವರಿಗೇ ಪ್ರೀತಿ. ಎಲ್ಲಾ ತಿದ್ದಿಟ್ಟಿದ್ದೀನಿ."

ಮೇಷ್ಟ್ರು ಚೀಟಿಗಳನ್ನು ಒಂದೊಂದಾಗಿ ತಿರುವಿ ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿದ್ದನ್ನು ಜೈಲರ್ ಕಂಡರು. ಪಾಪ, ಎನಿಸಿತು.

"ತುಂಬ ಶ್ರಮ ತಗೊಂಡ್ರಿ ಸಾರ್. ನಾನು ಬರೆದಿದ್ದನ್ನ ಇಷ್ಟು ಆಸ್ಥೆಯಿಂದ ಯಾರೂ ಓದಿರಲಿಲ್ಲ."

ಭಾನುವಾರ ಮಧ್ಯಾಹ್ನ ಓದುವ ಕೋಣೆಯಲ್ಲಿ ಐವರು ಮೇಜಿನ ಸುತ್ತ ಕುಳಿತರು. ಕಾವಲಿನವನು ಬಾಗಿಲಿಗೆ ಒರಗಿ ಆಕಳಿಸುತ್ತಿದ್ದ. ಮೇಷ್ಟ್ರು ದಾರ ಬಿಚ್ಚಿ ಚೀಟಿಗಳನ್ನು ಸಾಲಾಗಿ ಹರಡಿದ.

"ಎಲ್ಲಿಂದ ಶುರು ಮೇಷ್ಟ್ರೇ?" ಆಡುವ ನಾಲ್ವರಲ್ಲೊಬ್ಬ, ಹೊರಗಿದ್ದಾಗ ಬೀಗ ರಿಪೇರಿ ಮಾಡುತ್ತಿದ್ದವನು, ದಾಳ ಎತ್ತಿಕೊಂಡ.

"ದಾಳ ಕೆಳಗಿಡು," ಎಂದ ಮೇಷ್ಟ್ರು ಮೆಲ್ಲಗೆ. "ನೀಲಿಯಲ್ಲಿರೋದನ್ನೆಲ್ಲ ಮರೆತುಬಿಡಿ. ಕೆಂಪು ಅಕ್ಷರ ಮಾತ್ರ ಓದಿ."