ಹಳೆ ಬಟ್ಟೆಗೆ ಪಾತ್ರೆ

ನಾಗಿ ತಲೆಯ ಮೇಲಿನ ಪಾತ್ರೆ ಬುಟ್ಟಿಯನ್ನು ಇಳಿಸುವ ಮೊದಲೇ, ಮೇಜಿನ ಹಿಂದೆ ಕೂತಿದ್ದ ಸೂರಜ್ ಕೇಳಿದ. "ಇಂಟರ್‌ವ್ಯೂ ಲೆಟರ್ ತಂದೀರಾ?"

"ಲೆಟರ್ ಗಿಟರ್ ಎಂತದೂ ಇಲ್ಲ ತಮ್ಮಾ. ಜಯಂತಿ ಅಕ್ಕೋರು ಇದ್ರೆ ಕರಿ."

ಕಾರವಾರದ ಆ ಸಭಾಭವನದ ಮೂರು ಗೋಡೆಗಳ ಉದ್ದಕ್ಕೂ ಕಬ್ಬಿಣದ ಸ್ಟ್ಯಾಂಡುಗಳಲ್ಲಿ ಬಟ್ಟೆಗಳು ತೂಗುತ್ತಿದ್ದವು. ಇಸ್ತ್ರಿ ಮಾಡಿದ ಪ್ಯಾಂಟು, ಉದ್ದ ತೋಳಿನ ಶರ್ಟು, ಏಳೆಂಟು ಕೋಟು, ಆಫೀಸಿಗೆ ಉಡುವಂಥ ಸೀರೆ. ಕೆಲಸದ ಸಂದರ್ಶನಕ್ಕೆ ಹೋಗುವ ಬಡವರಿಗಾಗಿ ಊರವರು ಕೊಟ್ಟ ಬಟ್ಟೆ ಎಂದು ಬಾಗಿಲಲ್ಲಿ ಬ್ಯಾನರ್ ಕಟ್ಟಿದ್ದರು. ಅದನ್ನು ಓದಲು ನಾಗಿಗೆ ಬಾರದು. ಆದರೆ ಬಟ್ಟೆಗಳ ಗುರುತು ಹತ್ತಿತು. ಆ ಬೂದು ಸಫಾರಿ ಕಾಜುಬಾಗದ ಶಾಂತಾರಾಮರದ್ದು. ಅದು ಯಾವಾಗ ಹಳತಾದೀತೆಂದು ಅವಳು ಎರಡು ವರ್ಷ ಕಾದಿದ್ದಳು. ನೀಲಿ ಕೋಟು ಅವರ ಎದುರುಮನೆಯದು. ಬೇಲೆಕೇರಿ ಬಂದರಿನಲ್ಲಿ ಅದಿರು ಸಾಗಾಟ ನಿಂತು ಗಂಡನ ಕೂಲಿ ತಪ್ಪಿದ ಮೇಲೆ ಅವಳು ಹೊತ್ತ ಬುಟ್ಟಿ ಇದು. ಹದಿಮೂರು ವರ್ಷ ಸ್ಟೀಲ್ ಪಾತ್ರೆ ಕೊಟ್ಟು ಹಳೆ ಬಟ್ಟೆ ಒಯ್ದದ್ದು ಇವೇ ಮನೆಗಳಿಂದ.

ನಿವೃತ್ತ ಶಿಕ್ಷಕಿ ಜಯಂತಿ ಒಳಗಿನಿಂದ ಕೈತುಂಬ ಹ್ಯಾಂಗರ್ ಹಿಡಿದು ಬಂದರು. "ನಾಗೀ, ನೀನಾ? ಬಾ. ಹೆಂಗೆ ಜೋಡಿಸಿಟ್ಟೇವೆ ನೋಡು."

"ಚಂದ ಇಟ್ಟೀರಿ ಅಕ್ಕೋರೆ. ಫೆಬ್ರವರಿಂದ ನಂಗೆ ಯಾವ ಮನೇಲೂ ಬಟ್ಟೆ ಇಲ್ಲ. ಎಲ್ಲಾ ಸಭಾಭವನಕ್ಕೆ ಕೊಟ್ಟೆ ಅಂತ್ರು. ಇವತ್ತು ಬೆಳಗಿಂದ ಇಪ್ಪತ್ತೆರಡು ಬಾಗಲು ತಿರುಗ್ದೆ. ಸಿಕ್ಕಿದ್ದು ಒಂದು ಹರಕು ಟವೆಲ್."

"ಒಳ್ಳೇ ಕೆಲಸಕ್ಕೆ ಕೊಟ್ಟದ್ದಲ್ವೇ?"

"ಕೆಟ್ಟದ್ದು ಅಂದ್ನಾ ನಾನು? ಎಷ್ಟು ಜನ ಒಯ್ದ್ರು ಇಲ್ಲಿಂದ?"

ಜಯಂತಿ ಸೂರಜ್‌ನ ಕಡೆ ನೋಡಿದರು. ಅವನು ರಿಜಿಸ್ಟರಿನ ಮೊದಲ ಪುಟವನ್ನಷ್ಟೇ ನೋಡಬೇಕಾಯಿತು. "ಈವರೆಗೆ ಒಂಬತ್ತು."

"ಇನ್ನು ಹದಿನೈದು ದಿನಕ್ಕೆ ಮಳೆ," ಎಂದಳು ನಾಗಿ. "ಈ ಗೋಡೆಗೆ ತಾಗಿದ್ದೆಲ್ಲಾ ಬೂಷ್ಟು ಹಿಡೀತದೆ. ಅರ್ಧ ನಂಗೆ ಕೊಡಿ ಅಕ್ಕೋರೆ. ಪುಕ್ಕಟೆ ಅಲ್ಲ, ಪಾತ್ರೆ ಕೊಡ್ತೆ. ಇಲ್ದಿದ್ರೆ ಈ ಮಳೆಗಾಲ ನನ್ನ ಮನೇಲಿ ಒಲೆ ಹತ್ತೂದಿಲ್ಲ."

ಸೂರಜ್ ಪೆನ್ನು ಕೆಳಗಿಟ್ಟ. "ದಾನದ ಬಟ್ಟೆ ಮಾರೂ ಹಂಗಿಲ್ಲ. ನಿಯಮ ಅದೆ. ನೀವು ಒಯ್ದು ಯಾರಿಗೆ ಮಾರ್ತೀರೋ ಏನೋ."

"ಹುಬ್ಬಳ್ಳಿಯವ ಬತ್ತ, ಅವಂಗೆ ಕೊಡ್ತೆ. ಅವ ಸಂತೇಲಿ ಹರವ್ತ. ಸಂತೇಲಿ ಹಳೆ ಪ್ಯಾಂಟು ಯಾರು ತಕಂತ್ರು, ಸಾವ್ಕಾರ್ರಾ? ಕೂಲಿಗೆ ಹೋಗೂ ಹುಡುಗ್ರೇ ತಕಂಬುದು. ಅಲ್ಲಿ ಅವ್ರ ಹತ್ರ ಯಾರೂ ಲೆಟರ್ ಕೇಳೂದಿಲ್ಲ."

ಸೂರಜ್ ಮತ್ತೆ ಪೆನ್ನು ಎತ್ತಿಕೊಂಡ. ಜಯಂತಿಗೆ ಬೇರೊಂದು ದಾರಿ ಹೊಳೆದಿತ್ತು, ಮುಖ ಅರಳಿತು. "ನಾಗೀ, ಬುಟ್ಟಿ ಹೊರೂ ವಯಸ್ಸಾ ಇದು ನಿಂದು? ಹೆದ್ದಾರಿ ಬದಿ ಹೊಸ ಲಾಡ್ಜಿನಲ್ಲಿ ಕಸ ಗುಡಿಸೋಕೆ ಹೆಂಗಸರು ಬೇಕಂತೆ. ಸೋಮವಾರ ಇಂಟರ್‌ವ್ಯೂ. ಲೆಟರ್ ನಾನೇ ಬರೆದುಕೊಡ್ತೇನೆ."

"ಕಸ ಗುಡಿಸೂಕೂ ಇಂಟರ್‌ವ್ಯೂ ಅದ್ಯಾ ಅಕ್ಕೋರೆ?"

"ಈಗ ಎಲ್ಲದಕ್ಕೂ ಅದೆ." ಜಯಂತಿ ಸ್ಟ್ಯಾಂಡಿನಿಂದ ತಿಳಿಹಸಿರು ಸೀರೆಯೊಂದನ್ನು ತೆಗೆದು ಅವಳ ಕೈಗಿಟ್ಟರು. "ಇದನ್ನ ಉಟ್ಕೊಂಡು ಹೋಗು. ನನ್ನದೇ ಇದು. ಸೂರಜ್, ಬರ್ಕೋ. ನಾವು ಹುಡುಕ್ತಾ ಇದ್ದದ್ದು ಇಂಥವರನ್ನೇ."

"ಹೆಸರು ನಾಗಿ. ಊರು?" "ಬೇಲೆಕೇರಿ," ಎಂದರು ಜಯಂತಿ. "ಈಗಿನ ಉದ್ಯೋಗ?" ಎಂದು ಕೇಳಿದ ಸೂರಜ್, ಉತ್ತರಕ್ಕೆ ಕಾಯದೆ 'ಇಲ್ಲ' ಎಂದು ಬರೆದ. ಫೋಟೋಕ್ಕೆಂದು ಫೋನ್ ಎತ್ತಿದ.

ನಾಗಿ ಅತ್ತ ನೋಡಲೇ ಇಲ್ಲ. ಸೀರೆಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿದಳು, ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಒಡಲಲ್ಲಿ ಕಲೆಯಿದೆಯೇ ಎಂದು ನೋಡಿದಳು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಬುಟ್ಟಿಯಿಂದ ಮುಚ್ಚಳದ ಡಬ್ಬಿಯೊಂದನ್ನು ಆರಿಸಿ ತೆರೆದ ರಿಜಿಸ್ಟರಿನ ಮೇಲಿಟ್ಟಳು.

"ಎಂತ ಇದು? ಇದು ದಾನ ನಾಗೀ, ಹಂಗೇ ಒಯ್ಯಿ," ಎಂದರು ಜಯಂತಿ.

"ಬೇಡ ಅಕ್ಕೋರೆ. ಹದಿಮೂರು ವರ್ಷದಾಗೆ ನಿಮ್ಮನೆಯಿಂದ ಒಂದು ಚಿಂದಿ ಪುಕ್ಕಟೆ ಒಯ್ದದ್ದು ಉಂಟಾ?" ನಾಗಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿದಳು. "ಸೋಮವಾರ ಇದನ್ನ ಉಡೂದೂ ಇಲ್ಲ ನಾ. ಹುಬ್ಬಳ್ಳಿಯವಂಗೆ ಕೊಡ್ತೆ. ಅದೇ ನನ್ನ ಉದ್ಯೋಗ. ತಮ್ಮಾ, ಅದನ್ನ ಬರ್ಕೊ."

"ಹಾಗೆ ಬರೆಯೂಕೆ ಬರೂದಿಲ್ಲ, ನಿಯಮದಲ್ಲಿ..." ಎಂದು ಸೂರಜ್ ಶುರುಮಾಡಿದ. ಜಯಂತಿ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು. ನಾಗಿ ಹೇಳಿದ್ದು ಅವರಿಗೆ ತಟ್ಟಿತೆಂದೇ ಅವನು ತಿಳಿದ.

ಜಯಂತಿ ಡಬ್ಬಿಯನ್ನು ಎತ್ತಿಕೊಂಡರು. ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದರು. ತಿರುವಿ, ತಳಕ್ಕೆ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿಗೊಟ್ಟರು.

"ಆ ಸೀರೆ ನಾನು ಒಂದೇ ಸಲ ಉಟ್ಟದ್ದು ನಾಗೀ," ಎಂದರು. "ಇದಕ್ಕಿಂತ ಸ್ವಲ್ಪ ದೊಡ್ಡದು ಇಲ್ವಾ?"