ಸ್ವಾಗತದ ಹಾಡು

ತಾಂಡಾದ ಮಕ್ಕಳಿಗೆ ಅವರದೇ ಲಂಬಾಣಿ ಹಾಡು, ಕತೆಗಳ ಮೂಲಕ ಪಾಠ ಹೇಳುವ ಶಾಲೆ ನಮ್ಮದು. ಟ್ರಸ್ಟಿನ ಅನುದಾನ ಮುಂದುವರಿಯದಿದ್ದರೆ ಜೂನ್‌ನಲ್ಲಿ ಬಾಗಿಲು ತೆರೆಯುವುದಿಲ್ಲ. ಟ್ರಸ್ಟಿನಿಂದ ಬಂದ ಅಧಿಕಾರಿ ಹೆಂಗಸು ಹಿಂದಿನ ಬೆಂಚಿನಲ್ಲಿ ಕುಳಿತರು.

"ಮೇಡಂಗೆ ನಿಮ್ಮ ಭಾಷಾದಾಗ ಒಂದು ಸ್ವಾಗತದ ಹಾಡು ಹಾಡ್ರೆಪಾ," ಎಂದೆ.

ಮಕ್ಕಳು ಮುಖ ಮುಖ ನೋಡಿಕೊಂಡರು. ರೂಪ್ಲಿ ಶುರುಮಾಡಿದಳು, ಉಳಿದವರು ದನಿಗೂಡಿಸಿದರು. ಶಾಲೆ ನಮ್ಮದಾದರೂ ನನಗೆ ಲಂಬಾಣಿ ಬರುವುದಿಲ್ಲ; ಸುಮ್ಮನೆ ತಾಳ ಹಾಕಿದೆ. ಅಧಿಕಾರಿಯ ಕಣ್ಣು ತುಂಬಿದ್ದು ನೋಡಿ ಧೈರ್ಯ ಬಂತು. ಬಳಿಗೆ ಹೋಗಿ ಕೇಳಿದೆ:

"ಛಲೋ ಹಾಡ್ತಾರಲ್ರೀ?"

"ನಾನೂ ತಾಂಡಾದಾಕಿನ ಅಕ್ಕೋರ. ಇದು ಮದುವಿಯಾದ ಹುಡುಗಿ ತವರುಮನಿ ಬಿಡುವಾಗ ಅಳಕೋಂತ ಹಾಡೋ ಹಾಡು."

ನನ್ನ ಕೈ ತಾಳ ಹಾಕುತ್ತಲೇ ಇತ್ತು. ಅವರು ದನಿ ತಗ್ಗಿಸಿದರು.

"ಶಾಲಿ ಮುಚ್ಚೋದು ನಾ ಹೇಳೋಕಿಂತ ಮೊದಲ ಈ ಮಕ್ಕಳಿಗೆ ಹೆಂಗ ಗೊತ್ತಾತು?"